ಚಾಕ್ಲೇಟ್ ಆನೆಯ ಹಿಂಬದಿ

ನನಗೊಂದು ಚಟವಿದೆ. ಕಾಫಿ, ಕಡಲೇಕಾಯಿ, ಪಕ್ಕದ ಮನೆಯ ಸಮಾಚಾರ ಇವೆಲ್ಲ ಚಟದ ಲೆಕ್ಕಕ್ಕೆ ಬರುವುದಿಲ್ಲ ಬಿಡಿ, ಅವು ಎಲ್ಲರಿಗೂ ಇರುತ್ತವೆ. ನನ್ನದು ಸ್ವಲ್ಪ ಬೇರೆ. ಎಲ್ಲಾದರೂ ಏನನ್ನಾದರೂ ಚೆಂದವಾಗಿ ಜೋಡಿಸಿಟ್ಟಿದ್ದರೆ ನನಗೆ ಅದರ ಹಿಂದುಗಡೆ ಹೋಗಿ ನೋಡಬೇಕು. ಮದುವೆ ಮಂಟಪವಾಗಲಿ, ಗಣಪತಿ ಪೆಂಡಾಲಾಗಲಿ, ಸೀರೆ ಅಂಗಡಿಯ ಗಾಜಿನೊಳಗೆ ನಿಂತ ಬೊಂಬೆಯಾಗಲಿ, ಮುಂದೆ ನಿಂತು ಆಹಾ ಎನ್ನುವವರು ಬೇಕಾದಷ್ಟು ಜನರಿದ್ದಾರೆ. ನಾನು ಮೆಲ್ಲಗೆ ಹಿಂದಕ್ಕೆ ಹೋಗಿ ಅಲ್ಲಿ ಎಷ್ಟು ಗುಂಡುಸೂಜಿ ಚುಚ್ಚಿದ್ದಾರೆ, ಎಷ್ಟು ಉಳಿದಿದೆ ಎಂದು ನೋಡಿ ಬರುತ್ತೇನೆ.

ಹೋದ ಡಿಸೆಂಬರಿನಲ್ಲಿ ಈ ಚಟದಿಂದ ಮರ್ಯಾದೆ ಹೋಗುವುದೊಂದು ಬಾಕಿಯಿತ್ತು. ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ಯಾರದೋ ಆರತಕ್ಷತೆ. ಒಳಗೆ ಕಾಲಿಟ್ಟರೆ ಕ್ರಿಸ್‌ಮಸ್‌ಗೆಂದು ಇಡೀ ಒಂದು ಊರನ್ನೇ ಚಾಕ್ಲೇಟಿನಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಚಾಕ್ಲೇಟಿನ ಮನೆ, ಚಾಕ್ಲೇಟಿನ ರೈಲು, ಚಾಕ್ಲೇಟಿನ ಗಡ್ಡದ ತಾತ, ಅವನ ಗಾಡಿ ಎಳೆಯುವ ಚಾಕ್ಲೇಟಿನ ಜಿಂಕೆಗಳು. ಜನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಹಗ್ಗ ದಾಟಿ ರೈಲಿನ ಹಿಂದಕ್ಕೆ ಇಣುಕುತ್ತಿದ್ದಾಗ ಸೆಕ್ಯುರಿಟಿಯವನು ಬಂದ.

"ಮೇಡಂ, ಹಿಂದ್ಗಡೆ ಏನೂ ಇಲ್ಲ."

"ಅದನ್ನೇ ನೋಡ್ಬೇಕಿತ್ತು ಕಣಪ್ಪ" ಎಂದೆ.

ಅವನು ನನ್ನನ್ನು ನೋಡಿದ ನೋಟ ಚೆನ್ನಾಗಿರಲಿಲ್ಲ. ಅವನಿಗೆ ಶಿಡ್ಲಘಟ್ಟದ ನಮ್ಮ ತಾತನ ಮನೆಯ ಕತೆ ಹೇಳೋಣವೆಂದರೆ ಪಾಪ ಡ್ಯೂಟಿಯಲ್ಲಿದ್ದ. ನಿಮಗೇನೂ ಡ್ಯೂಟಿ ಇಲ್ಲವೆಂದುಕೊಂಡು ಹೇಳುತ್ತಿದ್ದೇನೆ.

ಶಿಡ್ಲಘಟ್ಟದಲ್ಲಿ ಬಸ್ಸಿಳಿದರೆ ಊರು ಮೊದಲು ಮೂಗಿಗೆ ಸಿಗುತ್ತದೆ. ರೇಷ್ಮೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವ ಊರು. ಗೂಡಿನೊಳಗಿನ ಹುಳ ಬೆಂದ ವಾಸನೆ ಬೀದಿಬೀದಿಯಲ್ಲೂ ಇರುತ್ತದೆ. ಹೊಸಬರು ಕರ್ಚೀಫು ತೆಗೆಯುತ್ತಾರೆ. ನನಗೆ ಮಾತ್ರ ಆ ವಾಸನೆ ಬಂದರೆ ಸಾಕು, ರಜ ಶುರುವಾಯಿತೆಂದು ಎದೆ ಕುಣಿಯುತ್ತಿತ್ತು. ಅಪ್ಪ ಅಮ್ಮ ಇಬ್ಬರೂ ಗೌರಿಬಿದನೂರಿನ ಶಾಲೆಯಲ್ಲಿ ಟೀಚರುಗಳು. ದಸರಾ ರಜಕ್ಕೆ ನನ್ನನ್ನು ತಾತನ ಮನೆಗೆ ತಂದು ಬಿಟ್ಟು ಅವರು ವಾಪಸು ಹೋಗಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ತಾತನಿಗೆ ಊರಾಚೆ ಹಿಪ್ಪುನೇರಳೆ ತೋಟ, ಹಿತ್ತಲಲ್ಲಿ ಹುಳು ಸಾಕುವ ಮನೆ. ತಿಂಗಳಿಗೊಮ್ಮೆ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕುತ್ತಿದ್ದರು. ಮನೆಯಲ್ಲಿ ಅಜ್ಜಿ, ಮತ್ತೆ ಅಪ್ಪನ ತಂಗಿ ಶೈಲತ್ತೆ.

ಶೈಲತ್ತೆಗೆ ಆಗ ಮೂವತ್ತು ದಾಟಿತ್ತು. ಹೆಣ್ಣು ನೋಡಲು ಬಂದವರಿಗೆಲ್ಲ ಕೇಸರಿಬಾತು ಮಾಡಿಕೊಟ್ಟು, ಅವರು ತಿಂದು ಹೋದ ಮೇಲೆ "ಬೇಡ" ಅನ್ನುತ್ತಿದ್ದಳು. ಕೇಸರಿಬಾತು ಎಷ್ಟು ಚೆನ್ನಾಗಿರುತ್ತಿತ್ತೆಂದರೆ ಒಬ್ಬ ಗಂಡಿನ ಕಡೆಯವರು ಒಲ್ಲೆ ಅನ್ನಿಸಿಕೊಂಡ ಮೇಲೂ ಇನ್ನೊಂದು ಸಲ ಬಂದಿದ್ದರು. ಕೊನೆಗೆ ಅವಳೇ ಹೇಳಿಬಿಟ್ಟಳು: "ನಂಗೆ ಗಂಡು ನೋಡೋದು ಬಿಡಿ, ಅಂಗಡಿ ನೋಡಿ."

ಚಿಕ್ಕಬಳ್ಳಾಪುರದಲ್ಲಿ ಯಾರೋ ಹೆಂಗಸರಿಗೆಂದು ನಡೆಸಿದ ಹತ್ತು ದಿನದ ಚಾಕ್ಲೇಟ್ ಕ್ಲಾಸಿಗೆ ಹೋಗಿಬಂದ ಮೇಲೆ ಅವಳಿಗೆ ಈ ಹುಚ್ಚು ಹಿಡಿದಿತ್ತು. ಇಲ್ಲಿ ಒಂದು ಮಾತು ಹೇಳಬೇಕು. ಆ ಕಾಲಕ್ಕೆ ನಮ್ಮ ಕಡೆ ಕಾಗದ ಸುತ್ತಿದ ಸಿಹಿಯೆಲ್ಲ ಚಾಕ್ಲೇಟೇ. ಕಿತ್ತಳೆ ಪೆಪ್ಪರಮಿಂಟೂ ಚಾಕ್ಲೇಟ್, ಕೊಬ್ಬರಿ ಮಿಠಾಯಿಗೆ ಕಾಗದ ಸುತ್ತಿದರೆ ಅದೂ ಚಾಕ್ಲೇಟ್. ಹುಟ್ಟುಹಬ್ಬದ ದಿನ ಬಣ್ಣದ ಬಟ್ಟೆ ಹಾಕಿಕೊಂಡು ಕ್ಲಾಸಿನಲ್ಲಿ ಎರಡೆರಡು ಹಂಚುವುದು, ಟೀಚರಿಗೆ ನಾಲ್ಕು. ನಿಜವಾದ ಚಾಕ್ಲೇಟು, ಅಂದರೆ ಕಂದು ಬಣ್ಣದ್ದು, ನಾಲಿಗೆ ಮೇಲೆ ಇಟ್ಟರೆ ತಾನೇ ಕರಗುವುದು, ನನಗೆ ವರ್ಷಕ್ಕೆ ಒಂದೋ ಎರಡೋ ಸಲ ಬೆರಳಗಲ ಸಿಗುತ್ತಿತ್ತು. ಅಂಥ ನನ್ನ ಮುಂದೆ ಆ ದಸರೆಗೆ ಶೈಲತ್ತೆ ಚಿಂತಾಮಣಿಯ ಬೇಕರಿ ಸಾಮಾನಿನ ಅಂಗಡಿಯಿಂದ ಇಟ್ಟಿಗೆಯಷ್ಟು ದೊಡ್ಡ ಚಾಕ್ಲೇಟ್ ಗಟ್ಟಿಗಳನ್ನು ಗೋಣಿಚೀಲದಲ್ಲಿ ತಂದು ಇಳಿಸಿದಳು. ನನಗೆ ನಿಂತ ನೆಲ ಕಾಣಲಿಲ್ಲ.

ಅಷ್ಟೊಂದು ತಂದದ್ದು ಯಾಕೆಂದರೆ, ತಾತನ ಷರತ್ತು. ಮನೆಯ ಮುಂದೆ ರಸ್ತೆಗೆ ಬಾಗಿಲಿದ್ದ ಒಂದು ರೂಮಿತ್ತು. ಗೊಬ್ಬರದ ಕೃಷ್ಣಪ್ಪ ಅನ್ನುವವನು ಅಲ್ಲಿ ಗೊಬ್ಬರದಂಗಡಿ ಇಡುತ್ತೇನೆಂದು ಕೇಳುತ್ತಿದ್ದ. ಶೈಲತ್ತೆ ಅದೇ ರೂಮು ತನಗೆ ಬೇಕೆಂದಳು.

"ಏನಂಗಡಿ ಇಡ್ತೀಯಮ್ಮ?" ಎಂದರು ತಾತ.

"ಚಾಕ್ಲೇಟ್ ಅಂಗಡಿ. ನಾನೇ ಮಾಡಿ ಮಾರ್ತೀನಿ."

"ಕರಗೋ ಮಾಲು ಕಣಮ್ಮ ಅದು. ನಮ್ಮೂರ ಬಿಸ್ಲಿಗೆ ನಿಲ್ಲಲ್ಲ."

"ನಿಲ್ಲತ್ತಪ್ಪ."

"ಗೊಬ್ಬರ ನೋಡು, ಮಳೆಗಾಲ, ಬೇಸ್ಗೆ, ಯಾವಾಗ್ಲೂ ನಿಲ್ಲತ್ತೆ."

"ಇದೂ ನಿಲ್ಲತ್ತೆ ಅಂತಿದೀನಲ್ಲ!"

ತಾತನಿಗೆ ಗೂಡು ಮಾರ್ಕೆಟ್ಟಿನ ಅಭ್ಯಾಸ. ಬಾಯಿಮಾತು ನಂಬುವವರಲ್ಲ, ಮಾಲು ನೋಡಬೇಕು. "ಹಂಗಾದ್ರೆ ಈ ಸಲ ದಸರಾ ಬೊಂಬೆನ ಅದ್ರಲ್ಲೇ ಮಾಡಿ ಕೂರ್ಸು. ಪಾಡ್ಯದಿಂದ ದಶಮಿ ತನಕ ನಿಂತ್ರೆ ರೂಮು ನಿಂದು. ಒಂದು ಬಿದ್ರೂ ಕೃಷ್ಣಪ್ಪಂದು. ದಶಮಿ ದಿನ ಒಳ್ಳೇದು, ಬಂದು ಬೀಗದ ಕೈ ಇಸ್ಕೊಂಡ್ಹೋಗು ಅಂತ ಅವ್ನಿಗೆ ಹೇಳ್ತೀನಿ" ಎಂದರು. ಅಲ್ಲಿಗೆ ನಿಲ್ಲಿಸದೆ ಇನ್ನೊಂದು ಮಾತೂ ಸೇರಿಸಿದರು. "ನಾನಂತೂ ಆ ಕರ್ರಗಿರೋದನ್ನ ಬಾಯಿಗ್ ಹಾಕಲ್ಲ."

ಶೈಲತ್ತೆ ಒಪ್ಪಿಕೊಂಡಳು. ಆಮೇಲೆ ಅಡಿಗೆಮನೆಗೆ ಬಂದು ಎರಡು ಲೋಟ ನೀರು ಕುಡಿದಳು. ನಾನು ಲಂಗರು ಹಿಡಿದಂತೆ ಅವಳ ಸೆರಗು ಹಿಡಿದುಕೊಂಡೇ ನಿಂತಿದ್ದೆ. ಹತ್ತು ವರ್ಷದವಳಾದರೂ ನನಗೆ ಒಂದು ಸಂಗತಿ ಗೊತ್ತಾಗಿತ್ತು. ಆ ರೂಮು ಸಿಗದಿದ್ದರೆ ಶೈಲತ್ತೆ ಇನ್ನು ಯಾವತ್ತೂ ಬಾಯಿಬಿಟ್ಟು ಏನನ್ನೂ ಕೇಳುವವಳಲ್ಲ.

ಕೆಲಸ ಶುರುವಾದ ದಿನವೇ ಅನಾಹುತವಾಯಿತು, ಅದೂ ಅಜ್ಜಿಯಿಂದ. ಅಜ್ಜಿಯ ಹತ್ತಿರ ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕುವ ಮರದ ಅಚ್ಚುಗಳು ಒಂದು ಡಬ್ಬದ ತುಂಬ ಇದ್ದವು. ಆನೆ, ಕುದುರೆ, ನವಿಲು, ತುಳಸಿಕಟ್ಟೆ. ಆ ಬೀದಿಗೆಲ್ಲ ಸಕ್ಕರೆ ಅಚ್ಚಿನಲ್ಲಿ ಅಜ್ಜಿಯದೇ ಎತ್ತಿದ ಕೈ. ಪಾಕ ಹುಯ್ಯುವ ಮೊದಲು ಅಚ್ಚನ್ನು ನೀರಿನಲ್ಲಿ ಚೆನ್ನಾಗಿ ನೆನೆಹಾಕಬೇಕು, ಇಲ್ಲದಿದ್ದರೆ ಸಕ್ಕರೆ ಮರಕ್ಕೆ ಕಚ್ಚಿಕೊಂಡು ಬಿಡುವುದೇ ಇಲ್ಲ. ಇದು ಅವರಿಗೆ ಅವರ ಅತ್ತೆ ಹೇಳಿಕೊಟ್ಟದ್ದು. ಹಾಗಾಗಿ ಮಗಳಿಗೆ ಸಹಾಯವಾಗಲೆಂದು ಹಿಂದಿನ ದಿನವೇ ಅಚ್ಚುಗಳನ್ನೆಲ್ಲ ಬಕೇಟಿನಲ್ಲಿ ಮುಳುಗಿಸಿಟ್ಟಿದ್ದರು.

ಶೈಲತ್ತೆಯ ಕ್ಲಾಸಿನ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಕೆಂಪು ಇಂಕಿನಲ್ಲಿ ಬರೆದಿತ್ತು: ಒಂದು ಹನಿ ನೀರೂ ಬೀಳಬಾರದು. ನಾನೇ ಓದಿದ್ದೆ. ಆದರೆ ಅಲ್ಲಿ ಅವಳಿಗೆ ಕಲಿಸಿದ್ದು ಪ್ಲಾಸ್ಟಿಕ್ ಅಚ್ಚಿನಲ್ಲಿ. ಮರದ ಅಚ್ಚಿನ ವಿಷಯದಲ್ಲಿ ಅಜ್ಜಿಗೆ ಎದುರು ಹೇಳುವ ಧೈರ್ಯ ಯಾರಿಗಿದೆ?

"ಅಮ್ಮಾ, ನೀರು..." ಎಂದು ಶೈಲತ್ತೆ ಬಾಯಿ ತೆರೆದಳು.

"ಅಚ್ಚು ನೆನೆಸ್ದೆ ಹುಯ್ದ್ರೆ ಬಿಡತ್ತೇನೇ? ನಾನು ನಿನ್ನ ಹೆರೋಕ್ ಮುಂಚಿಂದ ಹಾಕ್ತಿದೀನಿ. ಹುಯ್ಯಿ."

ಹುಯ್ದಳು. ನೀರು ಜಿನುಗುತ್ತಿದ್ದ ಅಚ್ಚಿನೊಳಗೆ ಇಳಿದ ಚಾಕ್ಲೇಟು ಎರಡೇ ನಿಮಿಷದಲ್ಲಿ ಮುನಿಸಿಕೊಂಡು ಗಂಟುಗಂಟಾಯಿತು. ಎಣ್ಣೆ ಒಂದು ಕಡೆ, ಹಿಟ್ಟು ಒಂದು ಕಡೆ. ಬಿಡಿಸಿದರೆ ಆನೆಯೂ ಅಲ್ಲ ಕುದುರೆಯೂ ಅಲ್ಲ, ತಣ್ಣಗಾದ ರಾಗಿಮುದ್ದೆಯನ್ನು ಯಾರೋ ಹಿಚುಕಿಟ್ಟ ಹಾಗೆ ಬಂತು. ಅಜ್ಜಿ ಅದನ್ನು ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಅವರಿಗೆ ಸಿಟ್ಟು ಬಂದರೆ, ಗಾಬರಿಯಾದರೆ ತೆಲುಗು ಬರುತ್ತಿತ್ತು.

"ಏಮೇ ಇದಿ?"

"ಆನೆ ಅಮ್ಮ" ಎಂದಳು ಶೈಲತ್ತೆ ಸಣ್ಣ ದನಿಯಲ್ಲಿ.

ಅಜ್ಜಿ ಅದನ್ನು ಹಾಗೇ ತಟ್ಟೆಗಿಟ್ಟು ಅಡಿಗೆಮನೆಯಿಂದ ಎದ್ದು ಹೋದರು. ಸಾಯಂಕಾಲ ತಾವೇ ಅಚ್ಚುಗಳನ್ನೆಲ್ಲ ಒರೆಸಿ, ಒಣಗಿಸಿ, ಮರುದಿನ ಬಿಸಿಲಿಗಿಟ್ಟು, ಮೇಲೆ ತುಪ್ಪ ಸವರಿ ತಂದು ಕೊಟ್ಟರು. "ಈಗ ಹುಯ್ಯಿ. ಬಿಡದಿದ್ರೆ ಕೇಳು" ಎಂದರು. ಬಿಟ್ಟಿತು. ತುಪ್ಪ ಸವರುವುದು ಕ್ಲಾಸಿನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಶೈಲತ್ತೆ ಅದನ್ನು ಅಮ್ಮನ ಹೆಸರಿನಲ್ಲೇ ಬರೆದುಕೊಂಡಳು. ಆ ಗಂಟುಗಂಟಾದ ಆನೆಗಳನ್ನು ನಾನು ಹಾಲಿನಲ್ಲಿ ಕದಡಿಕೊಂಡು ಮೂರು ದಿನ ಕುಡಿದೆ. ಸಹಾಯ ಅಂದರೆ ಇಂಥ ಸಹಾಯ ನನ್ನಿಂದ ಯಾವಾಗಲೂ ಸಿಗುತ್ತಿತ್ತು.

ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಎದುರುಮನೆಯ ಶಮೀಮ್ ಆಂಟಿಯ ಮನೆಯಲ್ಲಿತ್ತು. ಅವರದು ನೂಲು ತೆಗೆಯುವ ಕಸುಬು, ತಾತನ ಗೂಡಿಗೆ ಅವರು ಹಳೇ ಗಿರಾಕಿಗಳು. ಆ ವರ್ಷ ದಸರೆಯೂ ರಂಜಾನ್ ತಿಂಗಳೂ ಕೂಡಿಕೊಂಡೇ ಬಂದಿದ್ದವು. ಮನೆ ಮಂದಿಯೆಲ್ಲ ಉಪವಾಸವಿರುವಾಗ ಆಂಟಿಯ ಫ್ರಿಜ್ಜಿನಲ್ಲಿ ಹಗಲಿಡೀ ನಮ್ಮ ಆನೆ ಕುದುರೆಗಳು. ನಾನು ಟ್ರೇ ಹಿಡಿದುಕೊಂಡು ರಸ್ತೆ ದಾಟುವುದು, ಆಂಟಿ ಫ್ರಿಜ್ ಬಾಗಿಲು ತೆಗೆದು ಮುಖ ಆಚೆ ತಿರುಗಿಸಿಕೊಳ್ಳುವುದು.

"ಜಲ್ದಿ ಇಡು ಬೇಟಿ. ವಾಸನೆ ಬರ್ತಾ ಇದೆ. ಪಾಪ ಬರತ್ತೋ ಏನೋ ನಂಗೆ" ಎಂದು ನಗುತ್ತಿದ್ದರು.

ಅಚ್ಚಿನಲ್ಲಿ ಬರುವುದು ಗೇಣುದ್ದದ ಬೊಂಬೆ ಮಾತ್ರ. ದೊಡ್ಡದನ್ನೆಲ್ಲ ಶೈಲತ್ತೆ ಕೈಯಲ್ಲೇ ಮಾಡಿದಳು. ಚಾಕ್ಲೇಟಿಗೆ ಗ್ಲೂಕೋಸ್ ಪಾಕ ಬೆರೆಸಿದರೆ ಚಪಾತಿ ಹಿಟ್ಟಿನಂತೆ ನಾದಬಹುದು. ಅವಳು ನಾದಿ, ಮೆತ್ತಿ, ಚಾಕುವಿನಲ್ಲಿ ಕೆತ್ತಿ, ಹತ್ತು ದಿನ ಅಡಿಗೆಮನೆಯಿಂದ ಆಚೆ ಬರಲಿಲ್ಲ. ಆ ಹತ್ತು ದಿನ ನಮ್ಮ ಬೀದಿಯಲ್ಲಿ ಬೆಂದ ಹುಳದ ವಾಸನೆಯನ್ನು ಮೀರಿಸಿ ಬೇರೊಂದು ವಾಸನೆ ಓಡಾಡುತ್ತಿತ್ತು. ಜನ ನಮ್ಮ ಮನೆ ಮುಂದೆ ಸೈಕಲ್ ನಿಧಾನ ಮಾಡುತ್ತಿದ್ದರು.

ಪಾಡ್ಯದ ದಿನ ಐದು ಮೆಟ್ಟಿಲು ಕಟ್ಟಿ ಬಿಳೀ ಪಂಚೆ ಹಾಸಿ ಬೊಂಬೆ ಕೂರಿಸಿದರು. ಮೇಲಿನ ಮೆಟ್ಟಿಲಲ್ಲಿ ಅಜ್ಜಿಯ ತವರಿನ ಪಟ್ಟದ ಬೊಂಬೆಗಳು, ಮರದ ರಾಜ ರಾಣಿ. ಅವನ್ನು ಬದಲಾಯಿಸಲು ಅಜ್ಜಿ ಬಿಡಲಿಲ್ಲ. ಉಳಿದದ್ದೆಲ್ಲ ಚಾಕ್ಲೇಟು. ಎರಡನೇ ಮೆಟ್ಟಿಲಲ್ಲಿ ಜಂಬೂ ಸವಾರಿ, ನಡುವೆ ಮೊಳದುದ್ದದ ಆನೆ, ಅದರ ಮೇಲೆ ಚಿನ್ನದ ಬಣ್ಣದ ಕಾಗದ ಸುತ್ತಿದ ಅಂಬಾರಿ. ಅದರ ಕೆಳಗೆ ಕುದುರೆಗಳು, ಪೇಟ ಕಟ್ಟಿದ ಸಿಪಾಯಿಗಳು, ಡೋಲು ವಾಲಗದವರು. ಇನ್ನೂ ಕೆಳಗೆ ನಂದಿಬೆಟ್ಟ, ಸಣ್ಣ ಸಣ್ಣ ಮೆಟ್ಟಿಲು, ಒಂದೊಂದು ಬಂಡೆಗೂ ಒಂದೊಂದು ಕೋತಿ. ಕೊನೆಯ ಮೆಟ್ಟಿಲಲ್ಲಿ ಶೈಲತ್ತೆ ತನ್ನ ಅಪ್ಪನಿಗೆಂದೇ ಮಾಡಿದ್ದು: ತಟ್ಟೆಯಗಲದ ಒಂದು ಚಂದ್ರಿಕೆ. ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಸುತ್ತು ತಟ್ಟೆ ಇರುತ್ತದಲ್ಲ, ಅದನ್ನೇ ಕಂದು ಚಾಕ್ಲೇಟಿನಲ್ಲಿ ಹೆಣೆದು, ಸುತ್ತುಸುತ್ತಿಗೂ ಬಿಳೀ ಚಾಕ್ಲೇಟಿನ ಗೂಡುಗಳನ್ನು ಕೂರಿಸಿದ್ದಳು.

ತಾತ ಆನೆ ನೋಡಲಿಲ್ಲ, ಅಂಬಾರಿ ನೋಡಲಿಲ್ಲ. ಸೀದಾ ಚಂದ್ರಿಕೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದು ಗೂಡು ಎತ್ತಿಕೊಂಡು, ಮಾರ್ಕೆಟ್ಟಿನಲ್ಲಿ ಮಾಡುವಂತೆ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಹುಳ ಗಟ್ಟಿಯಾಗಿದ್ದರೆ ಸದ್ದು ಬರಬೇಕು.

"ಸದ್ದೇ ಇಲ್ಲ" ಎಂದರು.

"ಅಪ್ಪಾ, ಅದು ಚಾಕ್ಲೇಟು."

"ಗೊತ್ತಮ್ಮ" ಎಂದು ಗೂಡನ್ನು ಇದ್ದ ಜಾಗದಲ್ಲೇ ಇಟ್ಟರು. ಆದರೆ ಮುಖ ನೋಡಿದರೆ ಒಳ್ಳೇ ಫಸಲು ನೋಡಿದವರ ಮುಖ.

ಅಲ್ಲಿಂದ ಮುಂದೆ ನಡೆದದ್ದು ಇನ್ನೂ ತಮಾಷೆ. ಷರತ್ತು ಹಾಕಿದವರು ತಾತ, ಬೊಂಬೆ ಬಿದ್ದರೆ ಗೆಲ್ಲುವವರು ತಾತ. ಆದರೆ ನಲವತ್ತು ವರ್ಷ ಹುಳು ಸಾಕಿದ ಮನುಷ್ಯನಿಗೆ ಮನೆಯೊಳಗೆ ಸೆಕೆಯಾಗುವುದನ್ನು ನೋಡಿಕೊಂಡು ಸುಮ್ಮನೆ ಕೂರಲು ಆಗುವುದಿಲ್ಲ. ಮಧ್ಯಾಹ್ನವೇ ಹುಳು ಮನೆಯ ಥರ್ಮಾಮೀಟರ್ ತಂದು ನಡುಮನೆಯ ಗೋಡೆಗೆ ತೂಗುಹಾಕಿದರು. ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿದರು. "ಗಾಳಿ ಆಡ್ಬೇಕು, ಗೋಡೆಗೆ ಅಂಟಿಸಿ ಕಟ್ಟಿದೀರಲ್ಲ, ಬುದ್ಧಿ ಬೇಡ್ವಾ?" ಎಂದು ಬೈದು ಮೆಟ್ಟಿಲುಗಳನ್ನೆಲ್ಲ ಗೋಡೆಯಿಂದ ಎರಡಡಿ ಮುಂದಕ್ಕೆ ಸರಿಸಿದರು. ಹುಳು ಮನೆಯ ಕಟ್ಟುಪಾಡುಗಳೂ ನಡುಮನೆಗೆ ಬಂದವು. ಒಳಗೆ ಬರುವವರು ಕಾಲು ತೊಳೆಯಬೇಕು. ಊದುಬತ್ತಿ ಕೂಡದು. ಒಗ್ಗರಣೆ ಹಾಕುವಾಗ ಅಡಿಗೆಮನೆ ಬಾಗಿಲು ಮುಚ್ಚಬೇಕು. ಒಂದು ಸಲಕ್ಕೆ ಹತ್ತು ಜನಕ್ಕಿಂತ ಹೆಚ್ಚು ನಿಲ್ಲಬಾರದು, ಉಸಿರಿಗೆ ಸೆಕೆಯಾಗುತ್ತದೆ.

"ಅಪ್ಪಾ, ನೀನು ಯಾರ ಕಡೆ?" ಎಂದು ಶೈಲತ್ತೆ ಕೇಳಿಯೇಬಿಟ್ಟಳು.

"ನಾನು ಯಾರ ಕಡೆಗೂ ಇಲ್ಲ. ಮಾಲು ಹಾಳಾಗ್ಬಾರ್ದು" ಎಂದರು ತಾತ.

ಗೋಣಿಯ ತೇವಕ್ಕೆ ಮೂರನೇ ದಿನ ಆನೆಯ ಮೈಮೇಲೆ ಬೆಳ್ಳಗೆ ಬೂದಿಯಂತೆ ಕೂತಿತು. ಶೈಲತ್ತೆ ತಲೆ ಮೇಲೆ ಕೈಹೊತ್ತಳು. ನೋಡಲು ಬಂದ ಹೆಂಗಸರು ಮಾತ್ರ "ವಿಭೂತಿ ಹಚ್ಚಿದಾರೆ ನೋಡ್ರೀ, ಎಷ್ಟು ಲಕ್ಷಣವಾಗಿದೆ" ಎಂದು ಕೈಮುಗಿದರು. ಊರಿಗೆ ಊರೇ ಬಂತು. "ಬೊಂಬೆ ಕೂರ್ಸಿದೀರಾ?" ಎಂದು ಕೇಳಿಕೊಂಡು ಬರುವ ಮಕ್ಕಳು ಬೇರೆ ಮನೆಗಳಲ್ಲಿ ಚಕ್ಕುಲಿ ಇಸಿದುಕೊಂಡು ಮುಂದಕ್ಕೆ ಹೋಗುತ್ತಿದ್ದರು, ನಮ್ಮ ಮನೆಯಲ್ಲಿ ಚಕ್ಕುಲಿ ಕೊಟ್ಟರೂ ಹೋಗುತ್ತಿರಲಿಲ್ಲ. ಕಣ್ಣು ಬಿಟ್ಟುಕೊಂಡು, ಎಂಜಲು ನುಂಗಿಕೊಂಡು ನಿಲ್ಲುತ್ತಿದ್ದರು. ಇರುವೆಗಳು ಬಾರದಿರಲೆಂದು ಅಜ್ಜಿ ಸುತ್ತಲೂ ಅರಿಸಿನದ ಗೆರೆ ಎಳೆದಿದ್ದರು. ಮನುಷ್ಯರಿಗೆ ಯಾರೂ ಯಾವ ಗೆರೆಯನ್ನೂ ಎಳೆದಿರಲಿಲ್ಲ.

ಈಗ ನನ್ನ ವಿಷಯಕ್ಕೆ ಬರಲೇಬೇಕು. ತಾತ ಗಾಳಿಗೆಂದು ಬಿಟ್ಟ ಎರಡಡಿ ಸಂದಿ ಹತ್ತು ವರ್ಷದ ಹುಡುಗಿಗೆ ಹೇಳಿ ಹೊಲಿಸಿದ ಹಾಗಿತ್ತು. ಮಧ್ಯಾಹ್ನ ಊಟವಾಗಿ ಎಲ್ಲರೂ ಮಲಗಿದ ಮೇಲೆ ನಾನು ಅಲ್ಲಿ ನುಸುಳಿದೆ. ಮೊದಲನೇ ದಿನ ನೋಡಿದೆ ಅಷ್ಟೆ, ದೇವರಾಣೆ. ಎರಡನೇ ದಿನ ಆನೆಯ ಬೆನ್ನಿಗೆ ಮೂಗು ಇಟ್ಟೆ. ಮೂರನೇ ದಿನ ನಾಲಿಗೆ ಇಟ್ಟೆ. ನಾಲಿಗೆ ಇಟ್ಟ ಮೇಲೆ ಹಲ್ಲು ಸುಮ್ಮನಿರುತ್ತದೆಯೇ, ನೀವೇ ಹೇಳಿ. ಮುಂದಿನಿಂದ ಕಾಣದ ಹಾಗೆ ಬೆನ್ನಿನ ಕಡೆಯಿಂದ, ದಿನಕ್ಕೆ ಎರಡು ಕಚ್ಚು ಮಾತ್ರ ಎಂದು ನನಗೆ ನಾನೇ ಕಾನೂನು ಮಾಡಿಕೊಂಡೆ. ಕಾಲು ಮುಟ್ಟಿದರೆ ಬೀಳುತ್ತದೆ ಅನ್ನುವಷ್ಟು ಇಂಜಿನಿಯರಿಂಗ್ ನನಗೆ ಗೊತ್ತಿತ್ತು, ಹಾಗಾಗಿ ಬೆನ್ನೇ ತಿಂದೆ. ತಿನ್ನುವಾಗ ಸ್ವರ್ಗ. ತಿಂದು ಬಂದು ಶೈಲತ್ತೆಯ ಮುಖ ನೋಡಿದರೆ ನರಕ. ಅವಳು ರೂಮಿಗೆ ಯಾವ ಬಣ್ಣ ಹೊಡೆಸಲಿ ಎಂದು ನನ್ನನ್ನೇ ಕೇಳುತ್ತಿದ್ದಳು. "ಗುಲಾಬಿ ಬಣ್ಣ ಚೆನ್ನಾಗಿರತ್ತೆ ಅಲ್ವೇನೇ?" ಅನ್ನುವಳು. ನಾನು ಬಾಯಿ ಬಿಟ್ಟರೆ ವಾಸನೆ ಬರುತ್ತದೆಂದು ಬರೀ ತಲೆಯಾಡಿಸುತ್ತಿದ್ದೆ. ನಾಳೆಯಿಂದ ಮುಟ್ಟುವುದಿಲ್ಲ ಎಂದು ಪ್ರತಿ ದಿನ ಆಣೆ ಇಟ್ಟುಕೊಂಡೆ. ಮಧ್ಯಾಹ್ನವಾದರೆ ಕಾಲು ತಾನೇ ಅಲ್ಲಿಗೆ ಹೋಗುತ್ತಿತ್ತು.

ಒಂದು ಮಾತು ಮಾತ್ರ ನನಗೆ ಅರ್ಥವಾಗಿರಲಿಲ್ಲ. ನಾನು ಎರಡು ಕಚ್ಚು ತಿಂದು ಬಂದರೆ ಮರುದಿನ ಅಲ್ಲಿ ನಾಲ್ಕು ಕಚ್ಚಿನಷ್ಟು ಹೋಗಿರುತ್ತಿತ್ತು. ನನ್ನ ಹಸಿವು ನನಗೇ ತಿಳಿಯದಷ್ಟು ದೊಡ್ಡದೇನೋ ಅಂದುಕೊಂಡೆ.

ಹಾಗೂ ಹೀಗೂ ಎಂಟು ದಿನ ನಿಂತಿತು. ಮಹಾನವಮಿಯ ಸಂಜೆ ಮನೆ ತುಂಬ ಜನ. ಹತ್ತು ಜನರ ಕಾನೂನು ಎಲ್ಲಿ ಹೋಯಿತೋ, ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಇಫ್ತಾರ್ ಮುಗಿಸಿ ಶಮೀಮ್ ಆಂಟಿಯೂ ಒಂದು ತಟ್ಟೆ ಸಮೋಸ ಹಿಡಿದುಕೊಂಡು ಬಂದಿದ್ದರು. ಅಜ್ಜಿ ಆರತಿ ಎತ್ತಿದರು. ಕರ್ಪೂರದ ಬೆಳಕಿನಲ್ಲಿ ಆನೆ ಮಿರಮಿರ ಮಿಂಚಿತು. ಆಮೇಲೆ ನಿಧಾನವಾಗಿ, ಬಹಳ ನಿಧಾನವಾಗಿ, ತಲೆ ಬಾಗಿಸಿತು.

"ನಮಸ್ಕಾರ ಮಾಡ್ತಿದೆ!" ಎಂದು ಒಂದು ಮಗು ಕಿರುಚಿತು.

ನಮಸ್ಕಾರವಲ್ಲ. ಬೆನ್ನಿಲ್ಲದ ಆನೆಗೆ ಅಂಬಾರಿಯ ಭಾರ ಮುಂದಕ್ಕೆ ಜಾರಿತ್ತು. ಆನೆ ಕುದುರೆಗಳ ಮೇಲೆ, ಕುದುರೆಗಳು ಸಿಪಾಯಿಗಳ ಮೇಲೆ, ಸಿಪಾಯಿಗಳು ನಂದಿಬೆಟ್ಟದ ಮೇಲೆ, ಬೆಟ್ಟ ಕೋತಿಗಳ ಸಮೇತ ಕೆಳಗೆ. ಮೇಲೆ ಮರದ ರಾಜ ರಾಣಿ ಮಾತ್ರ ಏನೂ ಆಗದವರಂತೆ ನಿಂತಿದ್ದರು. ಆನೆಯ ಸೊಂಡಿಲು ಉರುಳಿಕೊಂಡು ಹೋಗಿ ಒಬ್ಬ ಪುಟ್ಟ ಹುಡುಗಿಯ ಕಾಲ ಹತ್ತಿರ ನಿಂತಿತು. ಅವಳು ಅದನ್ನು ಎತ್ತಿಕೊಂಡಳು, ಅವರಮ್ಮನ ಮುಖ ನೋಡಿದಳು, ಬಾಯಿಗಿಟ್ಟುಕೊಂಡಳು. ಆಮೇಲೆ ಮಕ್ಕಳನ್ನು ಹಿಡಿಯುವವರಿಲ್ಲ. ಮೊದಮೊದಲು ಮಕ್ಕಳನ್ನು ಎಳೆಯುತ್ತಿದ್ದ ತಾಯಂದಿರು ಆಮೇಲೆ ತಾವೂ ಒಂದೊಂದು ಕೋತಿ ಎತ್ತಿಕೊಂಡರು. ಐದು ನಿಮಿಷದಲ್ಲಿ ಜಂಬೂ ಸವಾರಿ ಊರಿನ ಹೊಟ್ಟೆ ಸೇರಿತು.

"ಬಿತ್ತು" ಎಂದರು ತಾತ. ಅವರ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ.

ಜನ ಹೋದ ಮೇಲೆ ಶೈಲತ್ತೆ ಉಳಿದ ಚೂರುಗಳನ್ನು ಎತ್ತಿ ತಿರುಗಿಸಿ ನೋಡಿದಳು. ಆನೆಯ ಬೆನ್ನಿನ ತುಂಡಿನಲ್ಲಿ ಹಲ್ಲಿನ ಗುರುತು. "ಇಲಿ ಅಲ್ಲ ಇದು" ಎಂದಳು. ನನಗೆ ಅಳು ತಡೆಯಲಾಗಲಿಲ್ಲ. "ನಾನೇ ಅತ್ತೆ! ನಾನೇ ತಿಂದಿದ್ದು, ದಿನಾ ಎರಡೇ ಕಚ್ಚು!" ಎಂದು ಗೊಳೋ ಅಂದೆ. ಆ ಕ್ಷಣದಲ್ಲಿ ಭೂಮಿ ಬಾಯಿಬಿಟ್ಟಿದ್ದರೆ ಖುಷಿಯಾಗಿ ಒಳಗಿಳಿಯುತ್ತಿದ್ದೆ. ಅವಳ ಅಂಗಡಿಯನ್ನು ನಾನು ತಿಂದುಹಾಕಿದ್ದೆ.

ಅಜ್ಜಿ ನನ್ನ ತಲೆ ಸವರಿದರು. ಗಂಟಲು ಸರಿಮಾಡಿಕೊಂಡರು. "ಅದೊಂದೇ ಅಲ್ಲ ಕಣೇ ಶೈಲಾ. ತುಪ್ಪದ ವಾಸನೆ ಬಂದಿದ್ಯೇನೋ ಅಂತ... ಬೆಳಿಗ್ಗೆ ದೀಪ ಹಚ್ಚೋವಾಗ... ನಾನೂ ಒಂಚೂರು ನೋಡ್ತಿದ್ದೆ. ಆನೇದು, ಕುದುರೇದು."

"ದಿನಾನಾ?"

"ದಿನಾ ವಾಸನೆ ಬರತ್ತಲ್ಲಮ್ಮ."

ಬಾಗಿಲ ಹತ್ತಿರ ಶಮೀಮ್ ಆಂಟಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. "ಮಾಫ್ ಮಾಡಮ್ಮ ಶೈಲಾ. ಹಗಲೆಲ್ಲ ಫ್ರಿಜ್ಜಲ್ಲಿ ನೋಡಿ ನೋಡಿ... ಇಫ್ತಾರ್ ಆದ್ಮ್ಯಾಗೆ ಬೊಂಬೆ ನೋಡೋಕೆ ಬರ್ತಿದ್ನಲ್ಲ, ಹಿಂದಿಂದಾನೂ ನೋಡ್ತಿದ್ದೆ. ಸಿಪಾಯಿ ಇಬ್ಬರು ನನ್ನೋರು."

ಎಲ್ಲರ ಕಣ್ಣೂ ತಾತನ ಕಡೆ ತಿರುಗಿದವು. ಯಾರೂ ಏನೂ ಕೇಳಿರಲಿಲ್ಲ. ತಾತ ತಾವೇ ಸಿಡಿದರು.

"ನನ್ನ್ಯಾಕೆ ನೋಡ್ತೀರ? ನಾನು ಆನೆ ಮುಟ್ಟಿಲ್ಲ, ಕುದುರೆ ಮುಟ್ಟಿಲ್ಲ!"

ಅಜ್ಜಿ ಚಂದ್ರಿಕೆಯನ್ನು ಎತ್ತಿಕೊಂಡರು. ಅದು ಕೆಳಗಿನ ಮೆಟ್ಟಿಲ ಮೂಲೆಯಲ್ಲಿದ್ದದ್ದರಿಂದ ಉಳಿದಿತ್ತು. ಮುಂದಿನ ಸುತ್ತಿನಲ್ಲಿ ಗೂಡುಗಳು ಸಾಲಾಗಿ ಇದ್ದವು. ಹಿಂದಿನ ಅರ್ಧ ಖಾಲಿ.

"ಬಿಳೀದು ಪರವಾಗಿಲ್ಲ" ಎಂದರು ತಾತ ನೆಲ ನೋಡಿಕೊಂಡು. "ಕರೀದು ಹೆಂಗಿರತ್ತೋ ನಂಗೊತ್ತಿಲ್ಲ."

ಅಜ್ಜಿಗೆ ಮೊದಲು ನಗು ಬಂತು, ಆಮೇಲೆ ಆಂಟಿಗೆ, ಆಮೇಲೆ ಅಳುತ್ತಿದ್ದ ನನಗೂ. ನಗಲಾರದೆ ನಿಂತವಳು ಶೈಲತ್ತೆ ಒಬ್ಬಳೇ. ಇಷ್ಟು ದಿನ ಮಾಡಿ ಮಾಡಿ ಅವಳಿಗೆ ಅದರ ವಾಸನೆಯೇ ಬೇಡವಾಗಿತ್ತು, ಒಂದು ಚೂರೂ ತಿಂದಿರಲಿಲ್ಲ. "ಮಾತು ಮಾತೇ ಅಲ್ವೇನಪ್ಪ. ದಶಮಿ ತನಕ ನಿಲ್ಲಲಿಲ್ಲ. ಕೃಷ್ಣಪ್ಪಂಗೆ ಕೊಟ್ಬಿಡು" ಎಂದು ಹೇಳಿ ಪೊರಕೆ ತಂದಳು. ಅವಳು ಗುಡಿಸುವುದನ್ನು ನೋಡುತ್ತ ನಮ್ಮ ನಗು ಅಲ್ಲಲ್ಲೇ ನಿಂತುಹೋಯಿತು.

ದಶಮಿಯ ಬೆಳಿಗ್ಗೆ ಹೇಳಿದ ಹೊತ್ತಿಗೆ ಸರಿಯಾಗಿ ಕೃಷ್ಣಪ್ಪ ಬಂದ. ಬಿಳೀ ಷರಟು, ಹಣೆಗೆ ಕುಂಕುಮ, ಕೈಯಲ್ಲಿ ಬಾಗಿಲಿಗೆ ಕಟ್ಟಲು ನಿಂಬೆಹಣ್ಣು, ಹೂವಿನ ಹಾರ. ಊರಿಗೆಲ್ಲ ಸುದ್ದಿ ಮುಟ್ಟಿತ್ತು.

"ಬೊಂಬೆ ಬಿತ್ತಂತೆ, ಪಾಪ" ಎಂದ. "ಬೀಗದ ಕೈ ಕೊಡ್ತೀರಾ ಗೌಡ್ರೆ?"

ತಾತ ಜಗಲಿಯಲ್ಲಿ ಕೂತಿದ್ದರು. ಶೈಲತ್ತೆ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಅವಳ ಹಿಂದೆ ನಾನು. ತಾತ ಮಗಳ ಕೈಯಿಂದ ಲೋಟ ಈಸಿಕೊಂಡರು.

"ಕೃಷ್ಣಪ್ಪ, ಮಾರ್ಕೆಟ್ಟಲ್ಲಿ ನಾನು ಗೂಡು ಹಾಕಿದ್ರೆ, ಒಂಬತ್ತು ದಿನ ಜಾಲರಿ ತಟ್ಟೇಲೇ ನಿಂತಿದ್ರೆ ಅದನ್ನ ಒಳ್ಳೇ ಮಾಲು ಅಂತಾರೇನಪ್ಪ?"

"ಎಲ್ಲಾದ್ರೂ ಉಂಟಾ ಗೌಡ್ರೆ? ಹಾಕಿದ್ ದಿನಾನೇ ಹೋಗ್ಬೇಕು."

"ಹೂಂ. ನಾನು ಕೇಳ್ಬಾರದ್ದು ಕೇಳ್ಬಿಟ್ಟೆ ನನ್ನ ಮಗಳ್ನ. ನಿಲ್ಲಿಸು ಅಂದೆ. ನಿಲ್ಲೋದು ಮಾಲಲ್ಲ." ತಾತ ಕಾಫಿಯನ್ನು ಒಂದು ಗುಟುಕು ಕುಡಿದರು. "ನಿನ್ನೊಂದು ಮಾತು ಕೇಳ್ತೀನಿ. ನಿನ್ನ ಗೊಬ್ಬರಾನ ಯಾರಾದ್ರೂ ಯಾವತ್ತಾದ್ರೂ ಕದ್ದು ತಿಂದಿದಾರಾ?"

ಕೃಷ್ಣಪ್ಪ ಪಾಪ, ನಿಜವಾಗಿಯೂ ಯೋಚನೆ ಮಾಡಿದ.

"ಇಲ್ಲ ಗೌಡ್ರೆ."

"ನಮ್ಮನೇಲಿ ಒಂಬತ್ತು ದಿನ ನನ್ನ ಕೈನೇ ಸುಮ್ನಿರಲಿಲ್ಲಪ್ಪ. ರೂಮು ಕೊಡಕ್ಕಾಗಲ್ಲ. ತಪ್ಪು ತಿಳ್ಕೋಬೇಡ" ಎಂದು ಸೊಂಟದಿಂದ ಬೀಗದ ಕೈ ಬಿಚ್ಚಿ, ಮಗಳ ಮುಖ ನೋಡದೆ, ಹಿಂದಕ್ಕೆ ಕೈ ಚಾಚಿದರು. ಶೈಲತ್ತೆ ಈಸಿಕೊಳ್ಳಲಿಲ್ಲ. ಅವಳಿಗೆ ಕೈ ಬರಲಿಲ್ಲ. ನಾನೇ ಹಾರಿ ಹೋಗಿ ಇಸಿದುಕೊಂಡು ಅವಳ ಕೈಯಲ್ಲಿಟ್ಟು ಬೆರಳು ಮಡಿಸಿದೆ.

ಕೃಷ್ಣಪ್ಪನಿಗೆ ಬೇಜಾರಾಯಿತು. ಆದರೆ ಒಳ್ಳೇ ಮನುಷ್ಯ. ನಿಂಬೆಹಣ್ಣು ಜೇಬಿಗೆ ಹಾಕಿಕೊಂಡು, ಹಾರವನ್ನು ಏನು ಮಾಡುವುದೆಂದು ತಿಳಿಯದೆ ಜಗಲಿಯ ಮೇಲಿಟ್ಟ. ಎರಡು ಹೆಜ್ಜೆ ಹೋದವನು ತಿರುಗಿ ನಿಂತ.

"ಒಂಚೂರೇನಾದ್ರೂ ಉಳ್ದಿದ್ಯಾ?"

ನಾನು ಒಳಗೆ ಓಡಿ ಆನೆಯ ಕಾಲೊಂದನ್ನು ತಂದೆ. ನಾನು ಒಂಬತ್ತು ದಿನ ಮುಟ್ಟದೆ ಬಿಟ್ಟ ಕಾಲು. ಕೃಷ್ಣಪ್ಪ ರಸ್ತೆಯಲ್ಲಿ ನಿಂತುಕೊಂಡೇ ಅದನ್ನು ತಿಂದ. ಕಣ್ಣು ಮುಚ್ಚಿಕೊಂಡು ತಿಂದ. ಬೆರಳು ನೆಕ್ಕಿಕೊಂಡ. ಆಮೇಲೆ ತಾತನ ಕಡೆ ನೋಡಲಿಲ್ಲ, ಬಾಗಿಲಲ್ಲಿ ನಿಂತವಳ ಕಡೆ ನೋಡಿ ಕೇಳಿದ:

"ಅಂಗಡಿ ಯಾವತ್ತು ತೆಗೀತೀರಮ್ಮ?"

ಅಲ್ಲಿಯ ತನಕ ಶೈಲತ್ತೆಯನ್ನು ಊರಿನವರೆಲ್ಲ ಕೇಳುತ್ತಿದ್ದದ್ದು ಮದುವೆ ಯಾವಾಗಮ್ಮ ಎಂದು. ಬೊಂಬೆ ಬಿದ್ದಾಗ ಅಳದಿದ್ದವಳು, ಗುಡಿಸುವಾಗ ಅಳದಿದ್ದವಳು, ಈಗ ಬೀಗದ ಕೈಯನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಳುವಿನ ನಡುವೆಯೇ, ಅಂಗಡಿಯವರು ಗಿರಾಕಿಗೆ ಹೇಳುವ ದನಿಯಲ್ಲಿ ಹೇಳಿದಳು:

"ದೀಪಾವಳಿಗೆ. ಬನ್ನಿ."